ಬಾಲಪಾಠಗಳಲ್ಲಿ ‘ಗ್ರಹ’ ಶಬ್ದ

ಪ್ರಾಥಮಿಕ ಶಾಲೆಗಳಲ್ಲಿ ಬೋಧಿಸತಕ್ಕ ವಿಷಯಗಳಲ್ಲಿ ಸೌರಮಂಡಲದಂತೆ ಪದೇ ಪದೇ ತಿದ್ದುಪಡಿಯನ್ನು ಬೇಡುವ ವಿಷಯಗಳು ವಿರಳ. ೧೭೮೧ರಲ್ಲಿ ಯುರೇನಸ್ಸೂ ೧೮೪೬ರಲ್ಲಿ ನೆಪ್ಚೂನೂ ೧೯೩೦ರಲ್ಲಿ ಪ್ಲೂಟೋವೂ ಕಂಡುಬಂದು ಗ್ರಹಪಂಕ್ತಿಗೆ ಸೇರಿದುವು; ೨೦೦೬ರಲ್ಲಿ ಪ್ಲೂಟೋ ಆ ಪಂಕ್ತಿಯಿಂದ ಹೊರಬಿದ್ದಿತು. ಒಂಬತ್ತನ್ನು ಹೊಡೆದು ಎಂಟೆಂದು ಬರೆದರೆ ಪಾಠವು ಸರಿಹೋಯಿತೆಂದು ತೋರಬಹುದು. ಆದರೆ ಕನ್ನಡ ಬಾಲಕರಿಗೆ ತೊಡಕಿರುವುದು ಸಂಖ್ಯೆಗಿಂತ ಹೆಚ್ಚಾಗಿ ‘ಗ್ರಹ’ವೆಂಬ ಶಬ್ದದಲ್ಲಿ.

ಈ ಶಬ್ದವು ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ. ಸಂಪ್ರದಾಯದ ನವಗ್ರಹಗಳಲ್ಲಿ ರವಿಚಂದ್ರರೂ ರಾಹುಕೇತುಗಳೂ ಸೇರಿರುವರು. ಭೂಮಿಗೆ ಅಲ್ಲಿ ಸ್ಥಾನವಿಲ್ಲ. ಆಧುನಿಕ ಶಾಸ್ತ್ರದಲ್ಲಿ ಭೂಮಿಯು ಗ್ರಹ, ರವಿಯು ನಕ್ಷತ್ರ, ಚಂದ್ರನು ಉಪಗ್ರಹ. ಎರಡು ಪಟ್ಟಿಗಳಿಗೂ ಸಮಾನವಾದುವು ಬುಧ, ಶುಕ್ರ, ಮಂಗಳ, ಗುರು, ಶನಿ ಎಂಬ ಐದೇ. ಹೀಗಿದ್ದರೂ ೧೯೩೦ರಿಂದ ೨೦೦೬ರವರೆಗೆ ಎರಡರಲ್ಲಿಯೂ ಒಂಬತ್ತೆಂಬ ಸಂಖ್ಯೆಯೇ ಇದ್ದುದರಿಂದ ಈ ಭೇದವು ಮರೆಯಾಗಿಯೇ ಉಳಿಯಲು ಅವಕಾಶವಾಯಿತು. ಸಂಖ್ಯೆ ಎಂಟಾದೊಡನೆ ಮನೆಯ ಮಾತು ಸುಳ್ಳೋ ಶಾಲೆಯ ಮಾತು ಸುಳ್ಳೋ ಎಂಬ ಸಂಶಯವು ಮಗುವಿನಲ್ಲಿ ಹುಟ್ಟಿದರೆ ಆಶ್ಚರ್ಯವಿಲ್ಲ.

ಈ ಸಂಶಯಕ್ಕೆ ಪರಿಹಾರವು ಶಬ್ದದ ಚರಿತ್ರೆಯಲ್ಲಿಯೇ ಇದೆ. ಸ್ಥಿರವಾಗಿ ತೋರುವ ನಕ್ಷತ್ರಗಳ ನಡುವೆ ಚಲಿಸುವುವು ಯಾವುವು ಎಂಬುದು ಪ್ರಾಚೀನರ ಪ್ರಶ್ನೆ. ಬರಿಗಣ್ಣಿಗೆ ಹಾಗೆ ಕಂಡ ಏಳರ ಹೆಸರುಗಳೇ ವಾರದ ಏಳು ದಿನಗಳಲ್ಲಿ ಉಳಿದಿವೆ. ಚಂದ್ರನ ಪಥವು ಸೂರ್ಯನ ತೋರಿಕೆಯ ಪಥವನ್ನು ಛೇದಿಸುವ ಎರಡು ಬಿಂದುಗಳೇ ಗಣಿತದ ರಾಹುಕೇತುಗಳು. ಅವುಗಳ ಸಮೀಪದಲ್ಲಿ ಮಾತ್ರ ಗ್ರಹಣವು ಸಂಭವಿಸುವುದು. ೧೫೪೩ರಲ್ಲಿ ಕೋಪರ್ನಿಕಸನ ಗ್ರಂಥವು ಪ್ರಕಟವಾದ ಬಳಿಕ, ಸೂರ್ಯನನ್ನು ಸುತ್ತುವುವು ಯಾವುವು ಎಂದು ಪ್ರಶ್ನೆಯು ಕ್ರಮೇಣ ಮಾರ್ಪಟ್ಟಿತು; ಅದರೊಡನೆ ಪಟ್ಟಿಯೂ ಮಾರ್ಪಟ್ಟಿತು.

ಪ್ಲೂಟೋವಿನ ವಿಷಯವನ್ನೂ ಹೀಗೆಯೇ ತಿಳಿಸತಕ್ಕುದು. ಅದು ಚಿಕ್ಕದಾದುದರಿಂದ ಗ್ರಹವಲ್ಲವೆಂದು ಹೇಳುವುದು ಸುಲಭ, ಆದರೆ ಸರಿಯಲ್ಲ. ಗುರುವಿನ ಉಪಗ್ರಹವಾದ ಗ್ಯಾನಿಮೀಡ್ ಬುಧನಿಗಿಂತ ದೊಡ್ಡದು. ಆದರೂ ಬುಧನೇ ಗ್ರಹ. ೧೮೦೧ರಲ್ಲಿ ಕಂಡ ಸೀರಿಸ್ ಮೊದಲು ಗ್ರಹವೆನಿಸಿ, ಅದೇ ವಲಯದಲ್ಲಿ ಹಲವು ಕಾಯಗಳು ದೊರೆತ ಮೇಲೆ ಆ ಹೆಸರನ್ನು ಕಳೆದುಕೊಂಡಿತು. ೧೯೯೨ರಿಂದೀಚೆಗೆ ಪ್ಲೂಟೋವಿನ ನೆರೆಯಲ್ಲಿಯೂ ಅಂತಹ ಕಾಯಗಳು ಕಂಡುಬಂದುವು. ಗ್ರಹವು ಸೂರ್ಯನನ್ನು ಸುತ್ತಬೇಕು, ಸ್ವಂತ ಗುರುತ್ವದಿಂದ ಗೋಲಾಕಾರವನ್ನು ತಳೆದಿರಬೇಕು, ತನ್ನ ಪಥದ ನೆರೆಯನ್ನು ತೆರವುಮಾಡಿರಬೇಕು ಎಂದು ೨೦೦೬ರಲ್ಲಿ ಪ್ರಾಗ್ ನಗರದಲ್ಲಿ ನಿರ್ಣಯವಾಯಿತು. ಪ್ಲೂಟೋ ತಪ್ಪಿದ್ದು ಮೂರನೆಯ ನಿಯಮಕ್ಕೆ. ‘ಕುಬ್ಜಗ್ರಹ’ವೆಂಬ ಪರಿಭಾಷೆಯಾದರೋ ಈ ಅರ್ಥಕ್ಕೆ ಸಹಾಯಕವಲ್ಲ. ಕರ್ಮಧಾರಯದಲ್ಲಿ ಉತ್ತರಪದವೇ ಪ್ರಧಾನವಾದುದರಿಂದ, ಕುಬ್ಜವಾದರೂ ಅದು ಗ್ರಹವೇ ಎಂದು ವ್ಯಾಕರಣ ಬಲ್ಲ ವಿದ್ಯಾರ್ಥಿಯು ತಿಳಿಯುವನು. ನಿರ್ಣಯವು ಹೇಳುವುದು ಅದಕ್ಕೆ ವಿರುದ್ಧ. ಶಬ್ದವು ರೂಢಿಯಾಗಿರುವುದರಿಂದ ಅದನ್ನು ಬಿಡುವಂತಿಲ್ಲ. ವಿವರಣೆಯಿಲ್ಲದೆ ಬಳಸಲೂ ಆಗದು.

ಇಷ್ಟು ವಿಚಾರವು ಎಳೆಯ ಮಕ್ಕಳಿಗೆ ಭಾರವೆಂದು ಆಕ್ಷೇಪಿಸಬಹುದು. ಆದರೆ ವಾರದ ಹೆಸರುಗಳನ್ನರಿಯದ ವಿದ್ಯಾರ್ಥಿಯಿಲ್ಲ. ‘ಪ್ಲೂಟೋ’ ಎಂಬ ಹೆಸರನ್ನು ಸೂಚಿಸಿದವಳೂ ಆಕ್ಸ್‌ಫರ್ಡಿನ ಹನ್ನೊಂದು ವರ್ಷದ ಬಾಲಿಕೆ, ವೆನೀಷಿಯಾ ಬರ್ನಿ. ೧೯೧೮ರಲ್ಲಿ ಆರಂಭವಾದ ‘ವಿಜ್ಞಾನ’ ಮಾಸಪತ್ರಿಕೆಯನ್ನೂ ೧೯೩೬ರ ಕಾರಂತರ ‘ಬಾಲಪ್ರಪಂಚ’ವನ್ನೂ ಪಡೆದ ಭಾಷೆಗೆ ಈ ಕಾರ್ಯವು ಅಸಾಧ್ಯವಲ್ಲ. ೨೦೨೫ರಲ್ಲಿ ೧೨೮ ಹೊಸ ಉಪಗ್ರಹಗಳು ಅಂಗೀಕೃತವಾಗಿ ಶನಿಯ ಪರಿವಾರವು ೨೭೪ಕ್ಕೇರಿತು. ಸಂಖ್ಯೆಗಳು ಇನ್ನೂ ಬದಲಾಗುವುವು. ಅವು ಬದಲಾಗುವ ಕಾರಣವನ್ನರಿತ ವಿದ್ಯಾರ್ಥಿಗೆ ಹಿಂದಿನ ಪಾಠವು ಸುಳ್ಳೆಂದು ತೋರದು.