ಸರಳಿನಾಚೆಯಲ್ಲ, ಬೆನ್ನ ಹಿಂದೆ

ನಾಜಿ ಜರ್ಮನ್ನರ ವಿರುದ್ಧದ ವಾರ್ಸಾ ದಂಗೆಯ ಕೊನೆಯ ದಿನಗಳನ್ನು ತೋರುವ ಆಂದ್ರೆಯ್ ವಾಯ್ದಾನ ಚಿತ್ರ ‘ಕನಾಲ್’ (1957) ಕುರಿತು ಬರೆಯುವವರೆಲ್ಲ ಕೊನೆಗೆ ಬಂದು ನಿಲ್ಲುವುದು ಆ ಕಬ್ಬಿಣದ ಸರಳುಗಳ ಮುಂದೆಯೇ. ಗಾಯಗೊಂಡ ದಂಗೆಕೋರ ಕೊರಾಬ್‌ನನ್ನು ಅವನ ಜೊತೆಗಾತಿ ಸ್ತೊಕ್ರೊತ್ಕಾ ಒಳಚರಂಡಿಯ ಹೊಲಸಿನಲ್ಲಿ ಎಳೆದುಕೊಂಡು ಬೆಳಕಿನತ್ತ ಬರುತ್ತಾಳೆ. ಚರಂಡಿಯ ಬಾಯಿಗೆ ಸರಳು ಜಡಿದಿದೆ, ಆಚೆಗೆ ವಿಸ್ತುಲಾ ನದಿ. 1944ರ ಸೆಪ್ಟೆಂಬರಿನಲ್ಲಿ ಎದುರು ದಡದ ಪ್ರಾಗಾದಲ್ಲಿ ಸೋವಿಯತ್ ಸೇನೆ ಬೀಡುಬಿಟ್ಟಿತ್ತು, ಈಚೆಗೆ ವಾರ್ಸಾ ಸಾಯುತ್ತಿತ್ತು ಎಂಬುದನ್ನು ಪೋಲೆಂಡಿನ ಪ್ರೇಕ್ಷಕರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಸೆನ್ಸಾರಿನ ಕಣ್ಣೆದುರೇ ಆಡಬಾರದ ಮಾತನ್ನು ಆಡಿದ ಜಾಣ್ಮೆ ಅದು, ಒಪ್ಪೋಣ. ಆದರೆ ಆ ಒಂದು ದೃಶ್ಯದ ಕೀರ್ತಿ ಇಡೀ ಚಿತ್ರವನ್ನು ನುಂಗಿ ಕೂತಿದೆ. ದ್ರೋಹಿ ನದಿಯಾಚೆ ಇದ್ದಾನೆ ಎಂದುಬಿಟ್ಟರೆ ಈಚೆಯವರೆಲ್ಲ ಹುತಾತ್ಮರು. ವಿಮರ್ಶೆಯ ಕೆಲಸವೂ ಅಲ್ಲಿಗೆ ಹಗುರ.

ಚಿತ್ರದ ನಿಜವಾದ ದ್ರೋಹ ಸಾರ್ಜೆಂಟ್ ಕುಲಾನದು. ಲೆಫ್ಟಿನೆಂಟ್ ಜಾದ್ರಾನ ತುಕಡಿಯಲ್ಲಿ ಉಳಿದವರು 43 ಮಂದಿ. ಇವರ ಬದುಕಿನ ಕೊನೆಯ ಗಂಟೆಗಳಿವು ಎಂದು ನಿರೂಪಕ ಮೊದಲಿಗೇ ಹೇಳಿಬಿಡುತ್ತಾನೆ. ಮೊಕೊತುಫ್ ಬಡಾವಣೆಯಿಂದ ನಗರದ ನಡುಭಾಗಕ್ಕೆ ನೆಲದಡಿಯಲ್ಲೇ ಸಾಗಬೇಕು. ಜಾದ್ರಾ ಮುಂದೆ, ಅವನ ಬೆನ್ನಿಗೆ ಕುಲಾ. ಹುಡುಗರು ಬರುತ್ತಿದ್ದಾರೆಯೇ ಎಂಬ ಪ್ರಶ್ನೆಗೆ ಕುಲಾನ ಉತ್ತರ ಒಂದೇ: ಬರುತ್ತಿದ್ದಾರೆ. ಇಲ್ಲಿ ಯೆರ್ಜಿ ಸ್ತೆಫಾನ್ ಸ್ತಾವಿನ್ಸ್ಕಿಯ ಚಿತ್ರಕಥೆಯ ಕಸುಬನ್ನು ಗಮನಿಸಬೇಕು. ಆ ಚರಂಡಿಗಳನ್ನು ಸ್ವತಃ ಹಾದುಬಂದ ಮನುಷ್ಯ ಆತ. ಕತ್ತಲಲ್ಲಿ ಹಿಂದಿರುವವರನ್ನು ನೋಡಲಾಗದು, ನಂಬಬೇಕು ಅಷ್ಟೆ. ತುಕಡಿ ಅಲ್ಲಿ ಉಳಿದಿರುವುದು ಕುಲಾನ ನಾಲಿಗೆಯ ಮೇಲೆ ಮಾತ್ರ. ನಮಗೋ ಜಾದ್ರಾನ ಕುರುಡಿಲ್ಲ. ವಾಯ್ದಾ ಆಗಾಗ ಕ್ಯಾಮೆರಾವನ್ನು ಬೇರೆ ಸುರಂಗಗಳಿಗೆ ಒಯ್ಯುತ್ತಾನೆ. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಚದುರಿದ್ದು, ತುಕಡಿಯೊಡನಿದ್ದ ಸಂಗೀತಗಾರ ಬುದ್ಧಿ ಕಳೆದುಕೊಂಡದ್ದು ನಮಗೆ ಕಂಡಿದೆ. ಹಾಗಾಗಿ ‘ಬರುತ್ತಿದ್ದಾರೆ’ ಎಂಬ ಮಾತು ಪ್ರತಿಸಲ ಕಿವಿಗೆ ಬಿದ್ದಾಗಲೂ ಸುಳ್ಳನ್ನು ಬಲ್ಲ ನಾವು ಸುಮ್ಮನೆ ಕೂತಿರುತ್ತೇವೆ.

ಕುಲಾ ಬರೀ ಹೇಡಿ, ಅವನ ಮೇಲೆ ಇಷ್ಟು ಭಾರ ಹೊರಿಸಬಾರದು ಎನ್ನುವವರಿದ್ದಾರೆ. ಅವರು ಸ್ತೊಕ್ರೊತ್ಕಾಳನ್ನು ಮರೆತಿದ್ದಾರೆ. ಅದೇ ಪ್ರಖ್ಯಾತ ದೃಶ್ಯದಲ್ಲಿ, ದಾರಿ ಮುಚ್ಚಿದೆಯೆಂಬುದನ್ನು ಅವಳು ಕೊರಾಬ್‌ನಿಂದ ಮುಚ್ಚಿಡುತ್ತಾಳೆ. ಅವಳದೂ ಸುಳ್ಳೇ. ಒಂದನ್ನು ಪ್ರೀತಿ ಎಂದು ಕರೆದು ಇನ್ನೊಂದನ್ನು ಹೇಡಿತನ ಎಂದು ಪಕ್ಕಕ್ಕಿಡುವವರು ಎರಡನ್ನೂ ಜೋಡಿಸಿ ನೋಡಿಲ್ಲ. ಸರಳುಗಳ ಮೇಲೆ ಪುಟಗಟ್ಟಲೆ ಬರೆದವರಿಗೆ ಅವುಗಳ ಮುಂದೆ ನಿಂತವಳ ಮಾತೇ ಕೇಳಿಸದ್ದು ವಿಚಿತ್ರ. ಕುಲಾನಿಗೆ ಬದುಕುವ ಆಸೆ. ಹಿಂದಿರುಗಿದರೆ ತನ್ನ ಕಮಾಂಡರನೂ ಸಾಯುತ್ತಾನೆಂಬ ಅರಿವೂ ಅವನಿಗಿದ್ದೀತು. ಚಿತ್ರ ಎಡವುವುದು ಒಂದೇ ಕಡೆ: ಪಾಳುಬಿದ್ದ ನಗರದಲ್ಲಿ ಮೇಲೆದ್ದು ಸತ್ಯ ತಿಳಿದ ಜಾದ್ರಾ ಕುಲಾನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಲೆಕ್ಕ ತೀರಿತು ಎಂದು ಪ್ರೇಕ್ಷಕ ನಿಟ್ಟುಸಿರು ಬಿಡುವಷ್ಟು ಅನುಕೂಲದ ಗುಂಡು ಅದು. ಆದರೂ ಆ ನಿರಾಳ ಹೆಚ್ಚು ಹೊತ್ತು ಬಾಳುವುದಿಲ್ಲ. ಪಿಸ್ತೂಲು ಹಿಡಿದೇ ಜಾದ್ರಾ ಮತ್ತೆ ಮ್ಯಾನ್‌ಹೋಲಿನೊಳಕ್ಕೆ ಇಳಿಯುತ್ತಾನೆ, ಇಲ್ಲದ ತುಕಡಿಯನ್ನು ಹುಡುಕಲು.