ಅವರೆ ಹೂ ಬಿಟ್ಟಾಗ ನೋಡಿ

ಅವರೆಗೆ ಹುಳ ಬೀಳುವುದು ಕಾಯಿ ಬಲಿತ ಮೇಲಲ್ಲ, ಹೂ ಬಿಡುವಾಗ. ಸುಲಿಯುವಾಗ ಬೆರಳಿಗೆ ಮೆತ್ತಗೆ ತಗಲುವ ಹಸಿರು ಹುಳ ಕೆಲವೇ ದಿನಗಳ ಹಿಂದೆ ಮೊಗ್ಗಿನ ಮೇಲೆ ಸಾಸಿವೆಗಿಂತ ಸಣ್ಣ ಮೊಟ್ಟೆಯಾಗಿತ್ತು. ಕಾಯಲ್ಲಿ ತೂತು ಕಂಡಮೇಲೆ ಔಷಧಿ ಅಂಗಡಿಗೆ ಓಡುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಒಳಸೇರಿದ ಹುಳಕ್ಕೆ ಆ ಔಷಧಿ ಸರಿಯಾಗಿ ತಾಗುವುದೇ ಇಲ್ಲ. ತಾಗುವುದು ನಾಳೆ ನಾವು ಸಾರಿಗೆ ಹಾಕುವ ಕಾಯಿಗೆ.

ನಮ್ಮ ಬಯಲುಸೀಮೆಯ ನಾಟಿ ಅವರೆ ಹಗಲು ಮೋಟಾಗದೆ ಹೂ ಬಿಡುವುದಿಲ್ಲ. ಮುಂಗಾರಿನಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಿಗೆ ಬಿದ್ದ ಬೀಜ ದೀಪಾವಳಿಯ ಆಸುಪಾಸಿಗೆ ಗೊಂಚಲು ಎತ್ತುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಕೊಟ್ಟ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಈ ಕಟ್ಟುಪಾಡಿಲ್ಲ, ವರ್ಷದ ಯಾವ ಕಾಲದಲ್ಲಿ ಬಿತ್ತಿದರೂ ಹೂ ಬರುತ್ತದೆ. ತಳಿ ಯಾವುದೇ ಇರಲಿ, ಮೊದಲ ಗೊಂಚಲು ಕಂಡ ದಿನದಿಂದ ಹದಿನೈದು ದಿನ ಬೆಳಗಿನ ಹೊತ್ತು ಒಂದು ಸುತ್ತು ಹಾಕುವುದನ್ನು ತಪ್ಪಿಸಬಾರದು. ಅವರೆ ಬೇಸಾಯದಲ್ಲಿ ಇಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಹೂವು, ಮೊಗ್ಗು, ಎಲೆ ಎಲ್ಲ ನೂಲಿನಿಂದ ಹೆಣೆದುಕೊಂಡು ಮುದ್ದೆಯಾಗಿದ್ದರೆ ಅದು ಮರೂಕ, ಅಂದರೆ ಚುಕ್ಕೆ ಕಾಯಿಕೊರಕ. ಬಿಡಿಸಿದರೆ ಹಿಕ್ಕೆಯ ನಡುವೆ ಕಪ್ಪು ಚುಕ್ಕೆಗಳ ಬಿಳಿಚಿದ ಹುಳ ಕಾಣುತ್ತದೆ. ಆ ಮುದ್ದೆಯನ್ನೇ ಚಿವುಟಿ ಸುಟ್ಟರೆ ಅಲ್ಲಿಗೆ ಮುಗಿಯಿತು. ತಲೆಯನ್ನು ಕಾಯೊಳಗೆ ತೂರಿಸಿ, ಮೈ ಹೊರಗಿಟ್ಟು ತಿನ್ನುತ್ತಿದ್ದರೆ ಅದು ಹೆಲಿಕೋವರ್ಪ. ತೊಗರಿ, ಕಡಲೆ, ಹತ್ತಿ, ಟೊಮೆಟೊ ಯಾವುದನ್ನೂ ಬಿಡದ ಹುಳ. ಮೂರನೆಯದು ಅಡಿಸುರ. ಇದಕ್ಕೆ ಅವರೆಯೆಂದರೇ ಮೋಹ. ಹಸಿರು ಮೈ, ಪಕ್ಕದಲ್ಲಿ ಕಂದು ಗೆರೆ. ಎಳೆಗಾಯಿಯ ಬಣ್ಣದಲ್ಲಿ ಬೆರೆತುಹೋಗುವುದರಿಂದ ಗೊಂಚಲನ್ನು ತಿರುಗಿಸಿ ನೋಡದೆ ಸಿಗುವುದಿಲ್ಲ. ಮೂರೂ ಪತಂಗದ ಮರಿಗಳೇ. ತಾಯಿ ಪತಂಗ ಕತ್ತಲಲ್ಲಿ ಬಂದು ಮೊಟ್ಟೆಯಿಟ್ಟು ಹೋಗುವುದರಿಂದ ಹಗಲು ತೋಟ ನೋಡುವ ನಮಗೆ ಅದರ ಸುಳಿವೇ ಇರುವುದಿಲ್ಲ.

ಕರಿಹೇನಿನ ಕಥೆ ಬೇರೆ. ಅದಕ್ಕೆ ಗಂಡಿನ ಹಂಗಿಲ್ಲ. ಹೆಣ್ಣು ನೇರವಾಗಿ ಮರಿ ಹಾಕುತ್ತದೆ, ಆ ಮರಿ ವಾರ ಕಳೆಯುವಷ್ಟರಲ್ಲಿ ತಾನೂ ಮರಿ ಹಾಕತೊಡಗುತ್ತದೆ. ಸೋಮವಾರ ಒಂದು ಕುಡಿಯಲ್ಲಿದ್ದದ್ದು ಮುಂದಿನ ಸೋಮವಾರಕ್ಕೆ ಚಪ್ಪರದ ತುಂಬ ಕಪ್ಪಗೆ ಮೆತ್ತಿಕೊಳ್ಳುವುದು ಹೀಗೆ. ಹೇನಿಗಿಂತ ಮೊದಲು ಇರುವೆಯ ಸಾಲನ್ನು ನೋಡಿ. ಹೇನು ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದರ ಕಾವಲಿಗೆ ನಿಲ್ಲುತ್ತವೆ, ಹೇನು ತಿನ್ನಲು ಬಂದ ಗುಲಗಂಜಿ ಹುಳವನ್ನು ಓಡಿಸುತ್ತವೆ. ಚಪ್ಪರದ ಕಂಬಕ್ಕೆ ಗ್ರೀಸ್ ಸವರಿದ ಬಟ್ಟೆ ಸುತ್ತಿ ಇರುವೆಯ ದಾರಿ ಕಟ್ಟಿದರೆ ಅರ್ಧ ಕೆಲಸ ಆದಂತೆ. ಉಳಿದದ್ದಕ್ಕೆ ಪೈಪಿನ ನೀರನ್ನು ರಭಸವಾಗಿ ಬಿಟ್ಟರೆ ಸಾಕು.

ಗುಲಗಂಜಿ ಹುಳದ ಮರಿಯನ್ನು ಗುರುತು ಹಿಡಿಯಲು ಮಕ್ಕಳಿಗೂ ಕಲಿಸಿ. ಅದು ತಾಯಿಯಂತೆ ಗುಂಡಗೆ, ಚೆಂದಕ್ಕೆ ಇರುವುದಿಲ್ಲ. ಉದ್ದನೆಯ ಕಪ್ಪು ಮೈ, ಮೇಲೆ ಕಿತ್ತಳೆ ಮಚ್ಚೆ, ಸಣ್ಣ ಮುಳ್ಳು. ಪೀಡೆಯೆಂದು ಇದನ್ನೇ ಹೊಸಕಿ ಹಾಕುವವರು ಬಹಳ ಮಂದಿ.

ಅಕ್ಕಡಿ ಸಾಲಿನ ವಿವೇಕವನ್ನು ನಾವು ಬೇಗ ಮರೆತೆವು. ರಾಗಿ, ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಬೆರೆತ ಹೊಲದಲ್ಲಿ ಪತಂಗಕ್ಕೆ ಎಲ್ಲೆಲ್ಲೂ ಅವರೆಯೇ ಸಿಗುವುದಿಲ್ಲ. ಎತ್ತರದ ಜೋಳದ ಮೇಲೆ ಕೂರುವ ಕಾಜಾಣ, ಗೊರವಂಕಗಳು ಹುಳ ಹೆಕ್ಕುತ್ತವೆ. ಬರೀ ಅವರೆ ಹಾಕಿದವರು ಅಲ್ಲಲ್ಲಿ ಕವಲುಕಡ್ಡಿ ನೆಟ್ಟು ಹಕ್ಕಿಗಳಿಗೆ ಕೂರಲು ಜಾಗ ಮಾಡಿಕೊಡಬಹುದು. ಕಲಬುರಗಿ ಸೀಮೆಯಲ್ಲಿ ತೊಗರಿ ಗಿಡವನ್ನು ಅಲುಗಿಸಿ, ಬುಡದಲ್ಲಿ ಹಾಸಿದ ಬಟ್ಟೆಗೆ ಹುಳ ಉದುರಿಸಿ ಆರಿಸುವ ರೂಢಿಯಿದೆ. ಕೈಕೆಲಸ ಹೆಚ್ಚು, ನಿಜ. ಆದರೆ ಔಷಧಿಯನ್ನೇ ನಂಬಿ ಕೂತರೆ ಏನಾಗುತ್ತದೆಂದು 1987ರ ಹಂಗಾಮಿನಲ್ಲೇ ಕರಾವಳಿ ಆಂಧ್ರದ ಹತ್ತಿ ಬೆಳೆಗಾರರು ಕಂಡರು. ಪೈರೆಥ್ರಾಯ್ಡ್ ಔಷಧಿಯನ್ನು ಎಷ್ಟು ಸಲ ಹೊಡೆದರೂ ಹೆಲಿಕೋವರ್ಪ ಸಾಯಲಿಲ್ಲ. ಕೈಯಿಂದ ಆರಿಸುವುದನ್ನು ಮಾತ್ರ ಯಾವ ಹುಳವೂ ತಡೆದುಕೊಳ್ಳಲಾರದು.

ಸಿಂಪಡಿಸಲೇಬೇಕಾದರೆ ಬೇವಿನಿಂದ ಶುರುಮಾಡಿ. ಲೀಟರು ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳು. ಕುಟ್ಟಿ ಪುಡಿಮಾಡಿ, ಬಟ್ಟೆಯಲ್ಲಿ ಗಂಟುಕಟ್ಟಿ ರಾತ್ರಿಯಿಡೀ ನೆನೆಹಾಕಿ, ಬೆಳಗ್ಗೆ ಚೆನ್ನಾಗಿ ಹಿಂಡಿ, ಸೋಸಿ, ಚೂರು ಸಾಬೂನು ಕದಡಿದರೆ ಆಯಿತು. ಹೊಡೆಯುವುದು ಸಂಜೆಗೆ. ಬಿಸಿಲಿಗೆ ಬೇವಿನ ಸತ್ವ ಬೇಗ ಕೆಡುತ್ತದೆ, ಹೂವಿನ ಮೇಲೆ ಜೇನ್ನೊಣವೂ ಆ ಹೊತ್ತಿಗೆ ಇರುವುದಿಲ್ಲ. ಹೆಲಿಕೋವರ್ಪಕ್ಕೆಂದೇ ಎನ್‌ಪಿವಿ ಎಂಬ ನಂಜುದ್ರಾವಣವಿದೆ, ಆ ಹುಳಕ್ಕೆ ಮಾತ್ರ ರೋಗ ತರುವ ವೈರಾಣು. ರೋಗ ತಗಲಿದ ಹುಳ ಗಿಡದ ತುದಿಗೆ ಹತ್ತಿ, ತಲೆ ಕೆಳಗಾಗಿ ಜೋತು ಸಾಯುತ್ತದೆ. ಇದನ್ನೂ ಸಂಜೆಯೇ ಹೊಡೆಯಬೇಕು, ಹುಳ ಎಳೆಯದಾಗಿರುವಾಗಲೇ ಹೊಡೆಯಬೇಕು. ಬಲಿತ ಹುಳ ಸಾಯುವ ಮೊದಲು ಬೇಕಾದಷ್ಟು ತಿಂದಿರುತ್ತದೆ.

ಒಣಕಾಳಿನ ಕುಟ್ಟೆ ಹುಳ ಡಬ್ಬದಲ್ಲಿ ಹುಟ್ಟುತ್ತದೆಂದು ತಿಳಿದವರಿದ್ದಾರೆ. ಎಷ್ಟೋ ಸಲ ಅದು ಹೊಲದಲ್ಲೇ ಒಣಗುವ ಕಾಯಿಯ ಮೇಲೆ ಮೊಟ್ಟೆ ಅಂಟಿಸಿರುತ್ತದೆ. ಕಾಳನ್ನು ಕಾದ ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಕಿಲೋಗೆ 5 ಮಿಲಿ ಅಡುಗೆ ಎಣ್ಣೆ ಸವರಿಟ್ಟರೆ ಮೊಟ್ಟೆ ಉಸಿರುಗಟ್ಟಿ ಸಾಯುತ್ತದೆ. ನಮ್ಮ ಅಜ್ಜಿಯರು ಕೆಮ್ಮಣ್ಣು ಕಟ್ಟಿಯೋ ಬೂದಿ ಬೆರೆಸಿಯೋ ಇಡುತ್ತಿದ್ದರು. ಬಿತ್ತನೆ ಬೀಜಕ್ಕೆ ಇವತ್ತಿಗೂ ಅದು ಒಳ್ಳೆಯದೇ.

ಬೆಳೆಯದೆ ಕೊಳ್ಳುವವರಲ್ಲಿ ನನ್ನದೊಂದು ಕೋರಿಕೆ. ಮಾರ್ಗಶಿರ, ಪುಷ್ಯದಲ್ಲಿ ಸೊಗಡಿನ ಅವರೆ ರಾಶಿ ಬಿದ್ದಾಗ, ಒಂದೆರಡು ತೂತುಕಾಯಿ ಕಂಡೊಡನೆ ಇಡೀ ರಾಶಿಯನ್ನು ತಳ್ಳಿ ಮುಂದೆ ಹೋಗಬೇಡಿ. ತೂತಿಲ್ಲದ ಕಾಯೇ ಬೇಕೆಂದು ನಾವು ಹಟ ಹಿಡಿದಷ್ಟೂ ರೈತ ಕೀಳುವ ಹಿಂದಿನ ದಿನದವರೆಗೂ ಔಷಧಿ ಹೊಡೆಯಬೇಕಾಗುತ್ತದೆ. ಹುಳುಕನ್ನು ಸುಲಿಯುವಾಗ ಆರಿಸಿ ಬಿಸಾಡಬಹುದು. ಸಿಪ್ಪೆಗೆ ಅಂಟಿಬಂದ ವಿಷವನ್ನು ಹಾಗೆ ಆರಿಸಲು ಬರುವುದಿಲ್ಲ.