ಬೆನ್ನ ಹಿಂದಿನ ಕೈ

ಅಪ್ಪನಿಗೆ ಎಪ್ಪತ್ತಾರು. ಬೆಳಿಗ್ಗೆ ಆರಕ್ಕೆಲ್ಲ ಕುಕ್ಕರಹಳ್ಳಿ ಕೆರೆ ಏರಿಯ ಮೇಲಿರುತ್ತಾರೆ. ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ತುಸು ಬಾಗಿ, ಜೊತೆಗಾರರ ಜೊತೆ ಮಾತಾಡುತ್ತ ನಡೆಯುವುದು ಹಳೆಯ ರೂಢಿ. ಹೋದ ದೀಪಾವಳಿಗೆ ಡಲ್ಲಾಸ್‌ನಿಂದ ಬಂದ ತಮ್ಮ ಅವರ ಮಣಿಕಟ್ಟಿಗೆ ಹೆಜ್ಜೆ ಎಣಿಸುವ ವಾಚು ಕಟ್ಟಿ ಹೋದ. ಮೊದಲ ದಿನ ಕೆರೆ ಸುತ್ತಿ ಬಂದು ನೋಡಿದರೆ ಮೂರು ಸಾವಿರ ಚಿಲ್ಲರೆ. ಅವರ ಅಂದಾಜಿನ ಅರ್ಧವೂ ಇಲ್ಲ. ಅಮ್ಮ ಕುತೂಹಲಕ್ಕೆ ಅದನ್ನೇ ಕಟ್ಟಿಕೊಂಡು ಅಕ್ಕಿರೊಟ್ಟಿ ತಟ್ಟಿದಳು. ನಿಂತ ಜಾಗದಲ್ಲೇ ಇನ್ನೂರು ಹೆಜ್ಜೆ! "ನಾನು ಕೆರೆ ಸುತ್ತಿದ್ದು ಸುಳ್ಳು, ಇವಳು ಒಲೆ ಮುಂದೆ ನಿಂತು ನಡೆದದ್ದು ನಿಜ" ಅಂದರು ಅಪ್ಪ.

ವಾಚಿಗೆ ಕಾಲು ಕಾಣುವುದಿಲ್ಲ. ಒಳಗಿನ ಚಿಪ್ ಕೈಯ ಅಲುಗಾಟ ಹಿಡಿದು, ಅದರ ಲಯ ನೋಡಿ ಹೆಜ್ಜೆಯನ್ನು ಊಹಿಸುತ್ತದೆ. ಬೀಸುಗೈಯಲ್ಲಿ ಚುರುಕಾಗಿ ನಡೆಯುವವರ ಮಟ್ಟಿಗೆ ಊಹೆ ಸರಿಯಾಗೇ ಇರುತ್ತದೆ. ಕಾಲೆಳೆದು ನಿಧಾನ ನಡೆಯುವವರು, ಊರುಗೋಲು ಹಿಡಿದವರು, ವಾಕರ್ ತಳ್ಳುವವರು, ತರಕಾರಿ ಚೀಲ ಹೊತ್ತವರು, ಮೊಮ್ಮಗಳ ಕೈ ಹಿಡಿದವರು ಅದರ ಲೆಕ್ಕದಿಂದ ಜಾರಿಹೋಗುತ್ತಾರೆ. ನಡಿಗೆ ಕುಂದಿದಷ್ಟೂ ಲೆಕ್ಕ ಕೆಡುತ್ತದೆ. ಮುದುಕರಿಗೆಂದೇ ಕೊಂಡು ತರುವ ಸಾಮಾನಿಗೆ ಇದಕ್ಕಿಂತ ದೊಡ್ಡ ಕೊರತೆ ಇನ್ನೇನಿದೆ? ನಾಡಿಯ ಕಥೆಯೂ ಅಷ್ಟೆ. ಎಷ್ಟೋ ವಾಚುಗಳು 220ರಲ್ಲಿ ವಯಸ್ಸು ಕಳೆದು ಎದೆಬಡಿತದ ಗರಿಷ್ಠ ಮಿತಿ ಹಾಕುತ್ತವೆ. ಬಿ.ಪಿ.ಗೆಂದು ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ನುಂಗುವವರ ಬಡಿತವನ್ನು ಆ ಮಾತ್ರೆಯೇ ತಗ್ಗಿಸಿರುತ್ತದೆ. ಅವರು ಬೆವರಿಳಿಸಿಕೊಂಡು ದಿಬ್ಬ ಹತ್ತಿದರೂ ವಾಚಿನ ಪ್ರಕಾರ ಅದು 'ಹಗುರ ಚಟುವಟಿಕೆ'.

ಇನ್ನು ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ವಾಚಿನ ಆ ಗುರಿ. ಅದು ಯಾವ ವೈದ್ಯರೂ ಬರೆದುಕೊಟ್ಟ ಚೀಟಿಯಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಮಾಸಾ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಯಂತ್ರವೊಂದನ್ನು ಮಾರುಕಟ್ಟೆಗೆ ತಂದು 'ಮಾಂಪೊ-ಕೆ' ಎಂದು ಹೆಸರಿಟ್ಟಿತು. ಹತ್ತು ಸಾವಿರ ಹೆಜ್ಜೆ ಅಳೆಯುವ ಯಂತ್ರ ಎಂದರ್ಥ. ಬಾಯಲ್ಲಿ ಉಳಿಯುವ ದುಂಡು ಸಂಖ್ಯೆ. ಹಾರ್ವರ್ಡ್‌ನ ಐ-ಮಿನ್ ಲೀ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ 16,741 ಹೆಂಗಸರಿದ್ದರು, ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 2,700 ಹೆಜ್ಜೆ ಇಡುವವರಿಗೆ ಹೋಲಿಸಿದರೆ 4,400 ಇಡುವವರಲ್ಲಿ ಸಾವಿನ ಪ್ರಮಾಣ ಶೇ. 41ರಷ್ಟು ಕಡಿಮೆ. 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ಗಟ್ಟಿಮುಟ್ಟಾಗಿದ್ದವರೇ ಹೆಚ್ಚು ನಡೆದಿರಬಹುದು ಎಂಬ ಅನುಮಾನವನ್ನು ಜೊತೆಗಿಟ್ಟುಕೊಂಡೇ ಇದನ್ನು ಓದಬೇಕು. ಅಂದಹಾಗೆ ಆ ಹೆಂಗಸರ ಹೆಜ್ಜೆ ಎಣಿಸಿದ ಯಂತ್ರ ಇದ್ದದ್ದು ಸೊಂಟದಲ್ಲಿ, ಕೈಯಲ್ಲಲ್ಲ. ಅಪ್ಪನ ವಾಚು ಮಾತ್ರ ರಾತ್ರಿ ಒಂಬತ್ತಕ್ಕೆ ಗುರ್ರೆಂದು ನಡುಗಿ, ಇನ್ನೂ ಆರು ಸಾವಿರ ಬಾಕಿ ಎಂದು ಸಾಲ ಕೊಟ್ಟವನ ಹಾಗೆ ಕೇಳುತ್ತದೆ. ಮೊನ್ನೆ ಆ ಬಾಕಿ ತೀರಿಸಲು ಹಾಲ್‌ನಲ್ಲಿ ಸೋಫಾ ಸುತ್ತುತ್ತಿದ್ದರು, ಮಂಡಿ ಹಿಡಿದುಕೊಂಡು.

ಮುಪ್ಪಿನಲ್ಲಿ ನಿಜವಾಗಿ ಅಂಜಬೇಕಾದದ್ದು ಬೀಳುವುದಕ್ಕೆ. ಅರವತ್ತೈದು ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಶಕ್ತಿಯ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿದೆ. ಒಂಟಿಕಾಲಲ್ಲಿ ನಿಂತದ್ದಕ್ಕೆ, ಚಕ್ಕಂಬಕ್ಕಳ ಹಾಕಿ ಊಟ ಮಾಡಿ ಕೈಯೂರದೆ ಎದ್ದದ್ದಕ್ಕೆ ಅಪ್ಪನ ವಾಚು ಒಂದು ಅಂಕವನ್ನೂ ಕೊಡುವುದಿಲ್ಲ.

ಬಿದ್ದ ಮೇಲೆ ಕೂಗಿ ಕರೆಯುವ ವಾಚುಗಳಿವೆ, ನಿಜ. ಆಪಲ್ 2018ರಲ್ಲಿ ಈ ಸೌಲಭ್ಯ ತಂದಿತು: ಜೋರಾಗಿ ಬಿದ್ದವರು ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ಅದೇ ತುರ್ತು ನೆರವಿಗೆ ಕರೆ ಮಾಡುತ್ತದೆ. ಒಂಟಿಯಾಗಿರುವ ಹಿರಿಯರಿಗೆ ನಾನು ವಾಚು ಶಿಫಾರಸು ಮಾಡುವುದಿದ್ದರೆ ಇದೊಂದೇ ಕಾರಣಕ್ಕೆ, ಹೆಜ್ಜೆ ಲೆಕ್ಕಕ್ಕಲ್ಲ. ಆದರೆ ನಮ್ಮವರು ಸ್ನಾನಕ್ಕೆ ಹೋಗುವಾಗ ಏನು ಮಾಡುತ್ತಾರೆ? ವಾಚು ಬಿಚ್ಚಿ ಟಿ.ವಿ. ಮೇಲಿಟ್ಟು ಹೋಗುತ್ತಾರೆ. ನೀರಿಗೆ ಏನೂ ಆಗುವುದಿಲ್ಲ ಎಂದು ತಮ್ಮ ಎಷ್ಟು ಹೇಳಿದರೂ ಅಪ್ಪನಿಗೆ ನಂಬಿಕೆಯಿಲ್ಲ. ಜಾರುವ ಬಚ್ಚಲಲ್ಲೇ ಕೈ ಬರಿದು.

ಅವರ ಹಳೆಯ ವಾಚು ಎಚ್‌ಎಂಟಿ. ಬೆಳಿಗ್ಗೆ ಕಾಫಿಗೆ ಮುಂಚೆ ಕೀ ಕೊಡುತ್ತಿದ್ದರು. ಅದು ಗಂಟೆ ಹೇಳುತ್ತಿತ್ತು, ಅದೂ ಅವರಿಗೆ ಮಾತ್ರ. ಇದು ಡಲ್ಲಾಸ್‌ಗೂ ಹೇಳುತ್ತದೆ. "ಊಟ ಆಯ್ತಾ?" ಎಂದು ಶುರುವಾಗುತ್ತಿದ್ದ ತಮ್ಮನ ಫೋನು ಈಗ "ಯಾಕಪ್ಪಾ, ನಿನ್ನೆ ನಡೀಲೇ ಇಲ್ವಾ?" ಎಂದು ಶುರುವಾಗುತ್ತದೆ. ತಮ್ಮನದು ಕಾಳಜಿಯೇ, ಅನುಮಾನವಿಲ್ಲ. ಆದರೂ ಮೂವತ್ತು ವರ್ಷ ಮೇಷ್ಟ್ರಾಗಿ ಹುಡುಗರ ಹಾಜರಿ ಹಿಡಿದವರು ಈಗ ಮಗನಿಗೆ ಹಾಜರಿ ಒಪ್ಪಿಸುತ್ತಿದ್ದಾರೆ. ನಿದ್ದೆಯ ಹಾಜರಿಯೂ ಉಂಟು. ನಾಲ್ಕಕ್ಕೇ ಎಚ್ಚರಾಗಿ ಕತ್ತಲಲ್ಲಿ ಸುಮ್ಮನೆ ಮಲಗಿದ್ದನ್ನೂ ವಾಚು ನಿದ್ದೆ ಎಂದೇ ಬರೆದುಕೊಳ್ಳುತ್ತದೆ. "ಚೆನ್ನಾಗಿ ಮಲಗಿದ್ದೀಯಲ್ಲ" ಅನ್ನುತ್ತಾನೆ ತಮ್ಮ. ಅಪ್ಪ "ಹ್ಞೂಂ" ಅಂದು ಸುಮ್ಮನಾಗುತ್ತಾರೆ.

ಕಳೆದ ವಾರ ನಾನೂ ಅವರ ಜೊತೆ ಕೆರೆಗೆ ಹೋಗಿದ್ದೆ. ವಾಚು ಕಟ್ಟಿದ ಎಡಗೈಯನ್ನು ಕವಾಯತಿನವರ ಹಾಗೆ ಬೀಸುತ್ತಿದ್ದರು. ಬಲಗೈ ಮಾತ್ರ ಬೆನ್ನ ಹಿಂದೆಯೇ ಇತ್ತು.